ಗೆರೆ ದಾಟುವ ನೀರು: ಸ್ಯಾನ್ ಬರ್ನಾರ್ಡಿನೊ ಕಣಿವೆಯ ಕತೆ

ಅಮೆರಿಕ-ಮೆಕ್ಸಿಕೊ ಗಡಿ ಎಂದರೆ ದಕ್ಷಿಣದಿಂದ ಉತ್ತರಕ್ಕೆ ಹೊರಟ ವಲಸಿಗರ ಸುದ್ದಿಯನ್ನೇ ನಾವು ಹೆಚ್ಚು ಓದುತ್ತೇವೆ. ಅರಿಜೋನಾದ ಆಗ್ನೇಯ ಮೂಲೆಯ ಸ್ಯಾನ್ ಬರ್ನಾರ್ಡಿನೊ ಕಣಿವೆಯಲ್ಲಿ ನೀರಿನ ದಾರಿ ಇದಕ್ಕೆ ತಿರುಗುಮುರುಗು. ಅಮೆರಿಕದ ನೆಲದಲ್ಲಿ ಬಿದ್ದ ಮಳೆ ಮೆಕ್ಸಿಕೊದ ಸೊನೋರಾ ರಾಜ್ಯಕ್ಕೆ ಇಳಿದು, ಯಾಕಿ ನದಿ ಸೇರಿ ಕ್ಯಾಲಿಫೋರ್ನಿಯಾ ಕೊಲ್ಲಿಯತ್ತ ಹೋಗುತ್ತದೆ.

ಎರಡೂ ಬದಿಗೆ ಬೆಟ್ಟ, ನಡುವೆ ಹಳೆಯ ಜ್ವಾಲಾಮುಖಿಗಳ ಕಪ್ಪು ಕಲ್ಲು, ಹುಲ್ಲು, ಕುರುಚಲು. ಈ ಒಣ ಸೀಮೆಯಲ್ಲಿ ನೆಲದೊಳಗಿನಿಂದ ಉಕ್ಕುವ ಬುಗ್ಗೆಗಳು, ಅವುಗಳ ಸುತ್ತ ಜೌಗು. ಎಲ್ಲರನ್ನೂ ಇಲ್ಲಿಗೆ ಎಳೆದು ತಂದದ್ದು ಈ ನೀರೇ.

ಅಪಾಚೆ ಜನ ಓಡಾಡುತ್ತಿದ್ದ ಈ ನೆಲವನ್ನು 1822ರಲ್ಲಿ ಇಗ್ನಾಸಿಯೊ ಪೆರೆಸ್ ಎಂಬ ಸೇನಾಧಿಕಾರಿ ದನ ಸಾಕಲು ಕೊಂಡ. ಸುಮಾರು 73,000 ಎಕರೆ. ಅಪಾಚೆಗಳ ದಾಳಿ ತಾಳಲಾರದೆ 1830ರ ದಶಕದಲ್ಲಿ ರ‍್ಯಾಂಚ್ ಪಾಳುಬಿತ್ತು. ದನಗಳು ಕಾಡುದನಗಳಾದವು.

1853ರ ಗ್ಯಾಡ್ಸ್‌ಡನ್ ಒಪ್ಪಂದದಿಂದ ಹೊಸ ಗಡಿ ಬಂತು. ಗೆರೆ ಈ ರ‍್ಯಾಂಚನ್ನೇ ಸೀಳಿತು; ಹೆಚ್ಚಿನ ಪಾಲು ಮೆಕ್ಸಿಕೊದಲ್ಲೇ ಉಳಿಯಿತು. 1884ರಲ್ಲಿ ಜಾನ್ ಸ್ಲಾಟರ್ ಇದನ್ನು ಹಿಡಿದು ಎರಡೂ ದೇಶಗಳಲ್ಲಿ ದನ ಮೇಯಿಸಿದ. ಎರಡೇ ವರ್ಷಕ್ಕೆ ಹತ್ತಿರದ ಸ್ಕೆಲಿಟನ್ ಕಮರಿಯಲ್ಲಿ ಅಪಾಚೆ ನಾಯಕ ಜೆರೊನಿಮೊ ಶರಣಾದ. ಅವನನ್ನೂ ಅವನ ಜನರನ್ನೂ ರೈಲಿನಲ್ಲಿ ದೂರದ ಫ್ಲಾರಿಡಾಕ್ಕೆ ಸಾಗಿಸಿದರು. ದನದವರಿಗೆ ದಾಳಿಯ ಭಯ ಹೋಯಿತು. ನೆಲ ಕಳೆದುಕೊಂಡವರು ಯಾರೆಂಬುದನ್ನು ನಾವು ಮರೆಯಬಾರದು.

ಆಮೇಲೆ ದಕ್ಷಿಣ ಅರಿಜೋನಾದಲ್ಲಿ ದನಗಳು ಮಿತಿಮೀರಿದವು. 1891ರಿಂದ 1893ರ ಬರದಲ್ಲಿ ಅವು ರಾಶಿರಾಶಿಯಾಗಿ ಸತ್ತವು. ಹುಲ್ಲು ಹೋದ ನೆಲವನ್ನು ಮಳೆನೀರು ಕೊರೆಯಿತು, ಹಳ್ಳಗಳು ಆಳವಾದವು, ಜೌಗುಗಳು ಬತ್ತಿದವು.

ಉಳಿದ ಬುಗ್ಗೆಗಳನ್ನೂ ಯಾಕಿ ನದಿಯ ಅಪರೂಪದ ಮೀನುಗಳನ್ನೂ ಕಾಯಲು ಅಮೆರಿಕ 1982ರಲ್ಲಿ ಇಲ್ಲಿ ವನ್ಯಜೀವಿ ಧಾಮ ಮಾಡಿತು. ಸುತ್ತಲಿನ ದನಗಾರರು 1994ರಲ್ಲಿ ಮಾಲ್ಪೈ ಬಾರ್ಡರ್‌ಲ್ಯಾಂಡ್ಸ್ ಗ್ರೂಪ್ ಕಟ್ಟಿ, ಹುಲ್ಲುಗಾವಲು ತುಂಡುತುಂಡಾಗಿ ಮಾರಿಹೋಗದಂತೆ ನೋಡಿಕೊಂಡರು. ಗಡಿಯಾಚೆ ಕುವೆಂಕಾ ಲೋಸ್ ಓಹೋಸ್ ಸಂಸ್ಥೆಯವರು ಹಳ್ಳಗಳಿಗೆ ಅಡ್ಡಲಾಗಿ ಕಲ್ಲಿನ ತಡೆ ಕಟ್ಟಿದರು. ಮಣ್ಣು ನಿಂತಿತು, ನೀರು ಇಂಗಿತು, ಹಸಿರು ಮರಳಿತು.

2020ರಲ್ಲಿ ಗಡಿಗೋಡೆಯ ಕಾಂಕ್ರೀಟಿಗೆಂದು ಧಾಮದ ಆಸುಪಾಸಿನಲ್ಲೇ ಅಂತರ್ಜಲ ಎತ್ತಿದರು. ಕೊಳಗಳ ಮಟ್ಟ ಇಳಿಯಿತು. ತಾನಾಗಿ ಉಕ್ಕುತ್ತಿದ್ದ ಕಡೆ ಮೀನು ಉಳಿಸಲು ಪಂಪು ಇಡಬೇಕಾಯಿತು.

ಕಲ್ಲು ಜೋಡಿಸಿ ನೀರು ನಿಲ್ಲಿಸಿದವರೂ ಇದೇ ಕಣಿವೆಯಲ್ಲಿದ್ದಾರೆ, ನೀರು ಎತ್ತಿ ಗೋಡೆ ನಿಲ್ಲಿಸಿದವರೂ ಇದೇ ಕಣಿವೆಗೆ ಬಂದರು. ಗಡಿಯ ಲೆಕ್ಕ ಬರೆಯುವಾಗ ನಾವು ಈ ನೀರನ್ನೂ ಖರ್ಚಿನ ಕಡೆ ಬರೆಯಬೇಕು.