ಭೀಮೆಯ ಕಡೆಗೊಂದು, ಕೃಷ್ಣೆಯ ಕಡೆಗೊಂದು

ವಿಜಯಪುರದ ಅಸಾರ್ ಮಹಲ್ ನೋಡಲು ಹೋದವರಿಗೆ ಪ್ರವಾದಿಯವರ ಪವಿತ್ರ ಕೇಶದ ಕಥೆ ಹೇಳುತ್ತಾರೆ. ಅಲ್ಲಿದ್ದ ಪುಸ್ತಕಗಳ ಕಥೆ ಹೇಳುವವರು ಕಡಿಮೆ. ಆದಿಲ್‌ಶಾಹಿ ಗ್ರಂಥಭಂಡಾರದಲ್ಲಿ ಉಳಿದುಬಂದ ಅರಬ್ಬಿ ಹಸ್ತಪ್ರತಿಗಳು ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೂ ಅದೇ ಕಟ್ಟಡದಲ್ಲಿದ್ದವು. 1853ರಲ್ಲಿ ಇಂಗ್ಲಿಷರು ಅವನ್ನು ಲಂಡನ್ನಿನ ಇಂಡಿಯಾ ಆಫೀಸಿಗೆ ಸಾಗಿಸಿದರು. ಈಗ ಬ್ರಿಟಿಷ್ ಲೈಬ್ರರಿಯಲ್ಲಿ ಕ್ಷೇಮವಾಗಿವೆ. ಕ್ಷೇಮವೇನೋ ಸರಿ. ಮೊದಲು ಇಲ್ಲಿ ಒಂದೇ ಪ್ರತಿ ಇತ್ತು, ಆಮೇಲೆ ಅಲ್ಲಿ ಒಂದೇ ಆಯಿತು. ಇದನ್ನು ಯಾರಾದರೂ ಸಂರಕ್ಷಣೆ ಅಂದರೆ ನನಗೆ ಸಿಟ್ಟು ಬರುತ್ತದೆ.

ಇದೇ ಜಿಲ್ಲೆಯ ಇಂಡಿಯಲ್ಲಿ ಕನ್ನಡ ಮಾಸ್ತರಿಕೆ ಮಾಡಿ ನಿವೃತ್ತನಾದವನು ನಾನು. ಸುತ್ತಲಿನ ಮನೆಗಳ ಅಟ್ಟದ ಮೇಲಿನ ಓಲೆಗರಿ, ಮೋಡಿ ಲಿಪಿಯ ಕಾಗದಪತ್ರ ಇಳಿಸಿ ಸ್ಕ್ಯಾನ್ ಮಾಡುವುದು ಈಗಿನ ಉದ್ಯೋಗ. ಚಿತ್ರಗಳೆಲ್ಲ ಮನೆಯ ನಾಸ್ ಡಬ್ಬಿಯಲ್ಲಿವೆ: ಎರಡು ಹಾರ್ಡ್ ಡಿಸ್ಕ್ ಹಾಕಿ ರೂಟರಿಗೆ ಜೋಡಿಸಿದ, ಹಗಲೂ ರಾತ್ರಿ ಗುಂಯ್ಗುಡುವ ಪೆಟ್ಟಿಗೆ. ಒಂದು ಡಿಸ್ಕ್ ಕೆಟ್ಟರೆ ಇನ್ನೊಂದಿದೆ ಎಂದು ಮಾರಿದವರು ಧೈರ್ಯ ಹೇಳಿದ್ದರು. ಆದರೆ ಸಿಡಿಲು ಬಡಿದರೆ ಎರಡಕ್ಕೂ ಒಂದೇ ಸಿಡಿಲು; ಕಳ್ಳ ಬಂದರೆ ಎರಡೂ ಒಂದೇ ಚೀಲಕ್ಕೆ. ನಕಲು ಬೇರೆ ಊರಲ್ಲಿರಬೇಕು, ಬೇರೆಯವರ ಕೈಯಲ್ಲಿರಬೇಕು. ನಮ್ಮ ನಾಡಿನಲ್ಲಿ ಓದುಬರಹ ಉಳಿದದ್ದೇ ಹಾಗೆ.

ನಮ್ಮ ತಾಲ್ಲೂಕಿನ ಸಾಲೋಟಗಿಯ ಕಂಬಶಾಸನ 945ರದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಅಲ್ಲೊಂದು ಶಾಲೆ ಕಟ್ಟಿಸಿದ. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ಮನೆ, ದೀಪದ ಖರ್ಚಿಗೆ 12 ನಿವರ್ತನ ಭೂಮಿ ದತ್ತಿಯಾಯಿತು. ದೀಪಕ್ಕೆಂದೇ ಹೊಲ ಬಿಟ್ಟರೆಂದರೆ ರಾತ್ರಿ ಓದು ಜೋರಾಗಿಯೇ ನಡೆದಿರಬೇಕು. ದೀಪದ ಲೆಕ್ಕ ಕಲ್ಲಿನಲ್ಲಿ ಉಳಿಯಿತು, ದೀಪದ ಕೆಳಗೆ ಓದಿದ ಓಲೆ ಉಳಿಯಲಿಲ್ಲ. ಆ ಕಲ್ಲಿನ ಪಾಠಕ್ಕೂ ಈಗ ಎರಡನೆಯ ಆಸರೆಯಿದೆ. ‘ಎಪಿಗ್ರಾಫಿಯಾ ಇಂಡಿಕಾ’ದ 4ನೆಯ ಸಂಪುಟದಲ್ಲಿ ಅದು ಅಚ್ಚಾಗಿದೆ.

ಓಲೆಯ ಆಯುಷ್ಯ ಎಷ್ಟೆಂದು ಓಲೆ ಬರೆಯುವವರಿಗೆ ಚೆನ್ನಾಗಿ ಗೊತ್ತಿತ್ತು. ಕಂಟವೆಂಬ ಮೊನೆಕಡ್ಡಿಯಿಂದ ಗರಿಯ ಮೇಲೆ ಕೊರೆದ ಅಕ್ಷರ ಮೊದಲಿಗೆ ಕಣ್ಣಿಗೆ ಕಾಣುವುದೇ ಇಲ್ಲ. ಕಾಡಿಗೆ ತಿಕ್ಕಿ ಒರೆಸಿದ ಮೇಲೆ ಗೀರಿನಲ್ಲಿ ಕಪ್ಪು ಕೂತು ಸಾಲು ಎದ್ದು ಬರುತ್ತದೆ. ಇಂದಿಗೂ ಮಾಸಿದ ಗರಿಗೆ ನಿಂಬೆಹುಲ್ಲಿನ ಎಣ್ಣೆ ಸವರಿ, ಮಸಿ ತಿಕ್ಕಿದರೆ ಸತ್ತೇಹೋಗಿದ್ದ ಸಾಲು ಮಾತಾಡುತ್ತದೆ. ಆದರೆ ಹುಳು ತಿಂದ ತೂತಿಗೆ ಯಾವ ಎಣ್ಣೆಯೂ ಇಲ್ಲ. ಅದಕ್ಕೆ ಇದ್ದ ಔಷಧ ಪ್ರತಿ ಮಾಡುವುದೊಂದೇ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿ ಬರೆಯಿಸಿ ಹಂಚಿದಳು. ಶಾಸ್ತ್ರದಾನವೆಂದು ಅವಳ ಪುಣ್ಯದ ಲೆಕ್ಕಕ್ಕೆ ಅದನ್ನು ಬರೆದಿದ್ದೇವೆ. ನಾನಂತೂ ಅವಳನ್ನು ಬ್ಯಾಕಪ್ಪಿನ ಮೂಲದೇವತೆ ಎಂದೇ ಎಣಿಸಿದ್ದೇನೆ.

ವಚನಗಳ ಹಾದಿ ಇನ್ನೂ ಕಠಿಣ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣ ಕಲ್ಯಾಣದಲ್ಲಿ ಕಟ್ಟಿದ್ದೆಲ್ಲ 1167ರ ಸುಮಾರಿಗೆ ಚದುರಿತು. ಶರಣರು ಓಲೆಯ ಕಟ್ಟು ಹೊತ್ತು ಉಳವಿಯ ಕಾಡಿನ ತನಕ ನಡೆದರೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, ವಿರಕ್ತರು ಚದುರಿದ್ದನ್ನು ಕೂಡಿಸತೊಡಗಿದರು. ‘ಶೂನ್ಯಸಂಪಾದನೆ’ ಆಗ ಹುಟ್ಟಿದ್ದು. ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಮಾಡಿದ; ಬಳಿಕ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರ ಸಿದ್ಧವೀರಣಾರ್ಯ ಒಬ್ಬರಾದ ಮೇಲೊಬ್ಬರು ತಿದ್ದಿ, ಸೇರಿಸಿ ತಮ್ಮದೊಂದು ಪಾಠ ಕಟ್ಟಿದರು. ಹೊಸದು ಬಂತೆಂದು ಹಳೆಯದನ್ನು ಹೊಳೆಗೆ ಹಾಕಲಿಲ್ಲ. ನಾಲ್ಕೂ ಇರುವುದರಿಂದಲೇ ಯಾರು ಎಲ್ಲಿ ಏನು ತಿದ್ದಿದರೆಂದು ನಮಗೆ ತಿಳಿಯುತ್ತದೆ.

ಆಮೇಲೆ ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು. ಕೋರ್ಟಿನ ಕೆಲಸದ ನಡುವೆ ಮನೆಮನೆ ಅಲೆದು ಓಲೆ ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಗಾವಿಯಲ್ಲಿ ಅಚ್ಚು ಹಾಕಿಸಿದರು. 1925ರಲ್ಲಿ ಮನೆ ಮಾರಿ ವಿಜಯಪುರದಲ್ಲೇ ಹಿತಚಿಂತಕ ಮುದ್ರಣಾಲಯ ಹೂಡಿದರು, ಮರುವರ್ಷ ‘ಶಿವಾನುಭವ’ ಪತ್ರಿಕೆ ತೆಗೆದರು. ಇಟ್ಟವರ ಮನೆಯವರಿಗೇ ಓದಲು ಬಾರದ ಕಟ್ಟುಗಳು ಅಚ್ಚಾಗಿ ಅಂಚೆಯಲ್ಲಿ ಊರೂರಿಗೆ ಹೋದವು. ಎಪ್ಪತ್ತು ವರ್ಷದ ಮೇಲೆ, 1993ರಲ್ಲಿ, ಸಿಂದಗಿ ತಾಲ್ಲೂಕಿನ ಯರಗಲ್ಲಿನ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರ್ಕಾರ 15 ಸಂಪುಟಗಳ ಸಮಗ್ರ ವಚನ ಹೊರತಂದಿತು. ಒಂದು ಪ್ರತಿಯಲ್ಲಿ ಲಿಪಿಕಾರ ತೂಕಡಿಸಿದ ಕಡೆ ಇನ್ನೊಂದು ಪ್ರತಿ ಎಚ್ಚರವಾಗಿರುತ್ತದೆ. ಸಂಪಾದಕ ಪಾಠ ತೂಗಿ ನೋಡುವುದೇ ಆ ಬಲದ ಮೇಲೆ.

ನನ್ನ ಡಬ್ಬಿಗೂ ಹೀಗೇ ಜೋಡಿ ಬೇಕಿತ್ತು. ಮಗಳು ಮುದ್ದೇಬಿಹಾಳದಲ್ಲಿದ್ದಾಳೆ. ನಮ್ಮದು ಭೀಮೆಯ ಕಡೆ, ಅವರದು ಕೃಷ್ಣೆಯ ಕಡೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಇಂಡಿ, ಸಿಂದಗಿಯ ದಂಡೆಯೂರುಗಳು ನೀರಲ್ಲಿ ನಿಂತದ್ದು ನೋಡಿದ ಮೇಲೆ, ಎರಡು ಹೊಳೆಯ ಲೆಕ್ಕ ನನಗೆ ಒಪ್ಪಿತವಾಯಿತು. ಎರಡನೆಯ ಡಬ್ಬಿಯನ್ನು ಮೊದಲು ಇಂಡಿಯಲ್ಲೇ ಕೇಬಲ್ಲಿಗೆ ಹಚ್ಚಿ ಪೂರ್ತಿ ತುಂಬಿದೆವು. ಒಂದು ಗರಿಯ ಒಂದು ಬದಿಯ ಚಿತ್ರವೇ ಇಪ್ಪತ್ತೈದು ಎಂಬಿ ದಾಟುವಾಗ, ಅಷ್ಟನ್ನೂ ಇಂಟರ್ನೆಟ್ಟಿನಲ್ಲಿ ಕಳಿಸುವುದು ಆಗದ ಮಾತು. ಆಮೇಲೆ ಟವೆಲ್ಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಬಾಗೇವಾಡಿ ಹಾದು ಬಸ್ಸಿನಲ್ಲಿ ಒಯ್ದೆ.

ಅಲ್ಲಿಂದ ಮುಂದೆ ಆರ್‌ಸಿಂಕ್ ಕೆಲಸ. 1996ರಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್, ಪಾಲ್ ಮೆಕೆರಸ್ ಬರೆದ ಪುಕ್ಕಟೆ ತಂತ್ರಾಂಶ. ಎರಡೂ ಕಡೆಯ ಕಡತಗಳನ್ನು ತಾಳೆ ನೋಡಿ, ಬದಲಾದಷ್ಟನ್ನು ಮಾತ್ರ ಕಳಿಸುತ್ತದೆ. ಹಾಗಾಗಿ ರಾತ್ರಿಯ ಪಾಳಿ ಬೇಗ ಮುಗಿಯುತ್ತದೆ. ಇದನ್ನೆಲ್ಲ ಹೊಂದಿಸಿದವನು ಮೊಮ್ಮಗ. ಅವನೇ ಎಚ್ಚರಿಸಿದ: “ಅಜ್ಜಾ, ಇಷ್ಟಕ್ಕ ಬಿಟ್ರ ಇದು ಬರೇ ಕನ್ನಡಿ. ನೀವು ಇಲ್ಲಿ ಅಳಸಿದ್ರ ಅಲ್ಲೂ ಅಳಸ್ತದ.” ಅದಕ್ಕೆ ಮುದ್ದೇಬಿಹಾಳದ ಡಬ್ಬಿಯಲ್ಲಿ ದಿನಕ್ಕೊಂದು ಸ್ನ್ಯಾಪ್‌ಶಾಟ್ ಇಟ್ಟ; ನಿನ್ನೆಯದು, ಹೋದ ವಾರದ್ದು, ಹೋದ ತಿಂಗಳದ್ದು ಹಾಗೇ ಇರುತ್ತವೆ. ಶೂನ್ಯಸಂಪಾದನೆಯ ನಾಲ್ಕು ಪಾಠದ ಕಥೆ ಅವನಿಗೆ ಹೇಳಿದೆ. “ಹಂಗಾರ ಅವ್ರಿಗೂ ಗೊತ್ತಿತ್ತು ಬಿಡ್ರಿ” ಅಂದ.

ಇನ್ನೊಂದು ಜಾಣತನವೂ ಅವನದೇ. ನನ್ನ ಡಬ್ಬಿ ಅಲ್ಲಿಗೆ ಕಳಿಸುವುದಿಲ್ಲ, ಅಲ್ಲಿಯ ಡಬ್ಬಿಯೇ ಬಂದು ಎಳೆದುಕೊಳ್ಳುತ್ತದೆ. ನನ್ನ ಕಂಪ್ಯೂಟರಿಗೆ ವೈರಸ್ ಹೊಕ್ಕರೂ ಅಲ್ಲಿಯ ಬೀಗದ ಕೈ ಅದಕ್ಕೆ ಸಿಗುವುದಿಲ್ಲ. ಅಮಾವಾಸ್ಯೆಗೊಮ್ಮೆ ಫೋನ್ ಮಾಡಿ ಯಾವುದಾದರೊಂದು ಗರಿ ತೆರೆದು ಓದಲು ಹೇಳುತ್ತೇನೆ. ಹಳಗನ್ನಡ ತಡವರಿಸುತ್ತಾನೆ, ಆದರೆ ಚಿತ್ರ ತೆರೆಯಿತೆಂದು ಖಾತ್ರಿಯಾಗುತ್ತದೆ.

ಈಗ ಮಗಳ ಮನೆಯ ಫೋಟೋಗಳೂ ನನ್ನ ಡಬ್ಬಿಗೆ ಬರುತ್ತಿವೆ, ಮುಯ್ಯಿಗೆ ಮುಯ್ಯಿ. ಒಂದೇ ಮದುವೆಯ ವಿಡಿಯೋ ಒಂದು ಮಠದ ಅಷ್ಟೂ ಓಲೆಗಳ ಜಾಗ ತಿಂದಿದೆ. ಹೊಸ ಡಿಸ್ಕಿನ ಖರ್ಚು ಯಾರದೆಂಬ ಮಾತು ಇನ್ನೂ ಹರಿದಿಲ್ಲ.