ಲಾ ಗ್ವಾರಿಡಾ

ಕ್ಯೂಬಾದ ರಾಜಧಾನಿ ಹವಾನಾದ ಕೊಂಕೋರ್ಡಿಯಾ ಬೀದಿಯಲ್ಲಿರುವ ಖಾಸಗಿ ರೆಸ್ಟೋರೆಂಟ್. 20ನೆಯ ಶತಮಾನದ ಆರಂಭದಲ್ಲಿ ಸಿರಿವಂತರಿಗಾಗಿ ಕಟ್ಟಿದ ಈ ಮಹಲು, ಕ್ರಾಂತಿಯ ನಂತರ ಹಲವು ಕುಟುಂಬಗಳ ವಠಾರವಾಯಿತು.

1993ರಲ್ಲಿ ತೊಮಾಸ್ ಗುಟಿಯೆರೆಸ್ ಅಲೆಯಾ ಮತ್ತು ಹುವಾನ್ ಕಾರ್ಲೋಸ್ ತಾಬಿಯೊ ನಿರ್ದೇಶಿಸಿದ ‘ಸ್ಟ್ರಾಬೆರಿ ಮತ್ತು ಚಾಕೊಲೇಟ್’ ಚಿತ್ರದ ಮುಖ್ಯ ದೃಶ್ಯಗಳನ್ನು ಇಲ್ಲಿನ ಮೇಲಂತಸ್ತಿನ ಮನೆಯೊಂದರಲ್ಲಿ ತೆಗೆದರು. ಆಸ್ಕರ್‌ನ ವಿದೇಶಿ ಭಾಷಾ ವಿಭಾಗಕ್ಕೆ ನಾಮನಿರ್ದೇಶನಗೊಂಡ ಮೊದಲ ಕ್ಯೂಬನ್ ಚಿತ್ರವದು. 1996ರಲ್ಲಿ ಅದೇ ಮನೆಯಲ್ಲಿ ಊಟದ ಮೇಜುಗಳು ಬಂದವು. ಚಿತ್ರದಲ್ಲಿ ಆ ಮನೆಗಿದ್ದ ಹೆಸರೇ ರೆಸ್ಟೋರೆಂಟಿಗೂ ಉಳಿಯಿತು.

ಸೋವಿಯತ್ ಒಕ್ಕೂಟ ಕುಸಿದು ಕ್ಯೂಬಾ ತೀವ್ರ ಅಭಾವದಲ್ಲಿದ್ದ ಕಾಲ. ಮನೆಯೊಳಗೆ ನಡೆಸುವ ‘ಪಲದಾರ್’ ಊಟದ ಮನೆಗಳಿಗೆ ಸರ್ಕಾರ ಅನುಮತಿ ಕೊಟ್ಟಿದ್ದರೂ 12ಕ್ಕಿಂತ ಹೆಚ್ಚು ಕುರ್ಚಿ ಹಾಕುವಂತಿರಲಿಲ್ಲ. 2010ರ ನಂತರದ ಸುಧಾರಣೆಗಳಲ್ಲಿ ಈ ಮಿತಿ 50ಕ್ಕೇರಿತು.

ಹಳೆಯ ಮನೆಯನ್ನು ಹೋಟೆಲಾಗಿಸುವವರು ಮೊದಲು ಕೈಹಾಕುವುದು ಗೋಡೆಗಳಿಗೆ. ಇಲ್ಲಿ ಸವೆದ ಅಮೃತಶಿಲೆಯ ಮೆಟ್ಟಿಲು, ತಲೆಯಿಲ್ಲದ ಪ್ರತಿಮೆ, ಗಾರೆ ಕಳಚಿದ ಗೋಡೆ ಎಲ್ಲವೂ ಹಾಗೆಯೇ ಇವೆ. ಈ ಸಂಯಮವೇ ಪರಿವರ್ತನೆಯ ನಿಜವಾದ ಹಿರಿಮೆ. ಬಟ್ಟೆ ಒಣಹಾಕಿದ ಹಜಾರವನ್ನು ಹಾದೇ ಅತಿಥಿಗಳು ಮೇಲೇರುತ್ತಿದ್ದರು. ಮುಂದೆ ತಾರಸಿಯಲ್ಲಿ ಬಾರ್ ಕೂಡ ಆರಂಭವಾಯಿತು.