ಮೀಸಲು ಕುರ್ಚಿ ಮತ್ತು ದಲಿತ ಹೆಣ್ಣು

ಶಾಸನಸಭೆಗಳಲ್ಲಿ ಹೆಣ್ಣುಮಕ್ಕಳು ಯಾಕೆ ಕಡಿಮೆ ಎಂದು ಕೇಳಿದರೆ ನಮ್ಮ ಕಡೆ ತಟ್ಟನೆ ಬರುವ ಉತ್ತರ: 'ಅವ್ರಿನ್ನೂ ತಯಾರಾಗಿಲ್ರೀ.' ಚರಿತ್ರೆ ಇದನ್ನು ಒಪ್ಪುವುದಿಲ್ಲ. ಸಂವಿಧಾನ ರಚನಾ ಸಭೆಯಲ್ಲೇ ದಾಕ್ಷಾಯಣಿ ವೇಲಾಯುಧನ್ ಇದ್ದರು. ಆದರೆ ಅಲ್ಲಿದ್ದ ದಲಿತ ಮಹಿಳೆ ಅವರೊಬ್ಬರೇ. ಕೊರತೆ ಇದ್ದದ್ದು ಹೆಣ್ಣಿನಲ್ಲಲ್ಲ, ಬಾಗಿಲಿನಲ್ಲಿ.

ನಮ್ಮ ಜಿಲ್ಲೆಯನ್ನೇ ನೋಡೋಣ. ಟಿಕೋಟಾ ವಿಧಾನಸಭಾ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಹೋಗಿ 2008ರಲ್ಲಿ ಬಬಲೇಶ್ವರ ಬಂತು. ಈ ಸಾಮಾನ್ಯ ಕ್ಷೇತ್ರದಲ್ಲಿ 2023ರ ವರೆಗಿನ 4 ಚುನಾವಣೆಗಳಲ್ಲೂ ಗೆದ್ದವರು ಎಂ.ಬಿ. ಪಾಟೀಲ. ಮೀಸಲು ಕ್ಷೇತ್ರಗಳ ಕಥೆ ಬೇರೆಯೇ? ವಿಜಯಪುರ ಲೋಕಸಭಾ ಕ್ಷೇತ್ರ 2009ರಿಂದ ಪರಿಶಿಷ್ಟ ಜಾತಿಗೆ ಮೀಸಲು. 2024ರ ವರೆಗೆ 4 ಸಲವೂ ರಮೇಶ ಜಿಗಜಿಣಗಿಯವರೇ. ನಾಗಠಾಣ ಮೀಸಲು ಕ್ಷೇತ್ರದಲ್ಲಿ ಅದೇ ಅವಧಿಯಲ್ಲಿ ಶಾಸಕರು ಬದಲಾದರು, ಆದರೆ 4 ಸಾರ್ವತ್ರಿಕ ಚುನಾವಣೆಗಳಲ್ಲೂ ಗೆದ್ದವರು ಗಂಡಸರೇ. ಜಾತಿ ಮೀಸಲಾತಿ ನಮ್ಮ ಹಕ್ಕು, ಅದರಲ್ಲಿ ರಾಜಿಯಿಲ್ಲ. ಆದರೆ ಅದೊಂದೇ ದಲಿತ ಹೆಣ್ಣನ್ನು ಇಲ್ಲಿಂದ ಸದನಕ್ಕೆ ಕಳಿಸಲಿಲ್ಲ.

ಆಕೆಗೆ ಕುರ್ಚಿ ಕೊಟ್ಟದ್ದು ಪಂಚಾಯತಿ. ಅಬ್ದುಲ್ ನಜೀರ್ ಸಾಬ್ ರೂಪಿಸಿದ 1983ರ ಕಾಯ್ದೆ ಮಹಿಳೆಯರಿಗೆ ಶೇ. 25 ಸ್ಥಾನ ಕೊಟ್ಟಿತು. 1987ರಲ್ಲಿ ಚುನಾವಣೆ ನಡೆಯಿತು. 1993ರಲ್ಲಿ ಜಾರಿಗೆ ಬಂದ 73ನೇ ತಿದ್ದುಪಡಿ ಇನ್ನೂ ಮುಂದೆ ಹೋಯಿತು: ಪರಿಶಿಷ್ಟರ ಸ್ಥಾನಗಳ ಒಳಗೇ ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ, ಅಧ್ಯಕ್ಷ ಸ್ಥಾನಗಳಲ್ಲೂ ಮೀಸಲು. ಜಾತಿ, ಲಿಂಗ ಎರಡೂ ಒಂದೇ ಕುರ್ಚಿಯಲ್ಲಿ ಕೂಡಿದ್ದು ಹೀಗೆ. 2010ರಲ್ಲಿ ಕರ್ನಾಟಕ ಪಂಚಾಯತಿಗಳಲ್ಲಿ ಮಹಿಳಾ ಪಾಲನ್ನು ಅರ್ಧಕ್ಕೇರಿಸಿತು. ಅದೇ ಕರ್ನಾಟಕ 2023ರಲ್ಲಿ 224 ಜನರ ವಿಧಾನಸಭೆಗೆ ಆರಿಸಿದ ಮಹಿಳೆಯರು 10 ಮಂದಿ. ಕಾನೂನು ಕಡ್ಡಾಯ ಮಾಡಿದಲ್ಲಿ ಸಿಕ್ಕ ಹೆಣ್ಣುಮಕ್ಕಳು ಟಿಕೆಟ್ ಹಂಚುವಾಗ ಎಲ್ಲಿ ಹೋದರು?

'ಮೆಂಬರ್ ಆಕಿ, ಕಾರಬಾರ ಗಂಡಂದು' ಎಂಬ ಕುಹಕವೂ ಉಂಟು. ಪೂರ್ತಿ ಸುಳ್ಳಲ್ಲ. ಆದರೆ ಗಂಡನನ್ನೋ ಊರ ಗೌಡನನ್ನೋ ಸಭೆಯೊಳಗೆ ಬಿಟ್ಟವರು ಯಾರು? ಸರದಿಯ ಮೀಸಲಾತಿಯಲ್ಲಿ ಆಕೆ ಕೆಲಸ ಕಲಿಯುವ ಹೊತ್ತಿಗೆ ಕುರ್ಚಿಯೇ ಬೇರೆ ವರ್ಗಕ್ಕೆ ಹೋಗುತ್ತದೆ. ಇದು ಹೆಣ್ಣಿನ ದೋಷವಲ್ಲ, ವ್ಯವಸ್ಥೆಯ ದೋಷ, ನಿಯಮದಿಂದಲೇ ತಿದ್ದಬೇಕು.

ದೇವೇಗೌಡರ ಸರ್ಕಾರ 1996ರಲ್ಲಿ ಮಹಿಳಾ ಮಸೂದೆ ಮಂಡಿಸಿತು. 2010ರಲ್ಲಿ ರಾಜ್ಯಸಭೆ ಒಪ್ಪಿದರೂ ಲೋಕಸಭೆಯಲ್ಲಿ ನಿಂತಿತು. 2023ರ 106ನೇ ತಿದ್ದುಪಡಿ ಪರಿಶಿಷ್ಟರ ಸ್ಥಾನಗಳೊಳಗೂ ಮೂರನೇ ಒಂದನ್ನು ಮಹಿಳೆಯರಿಗೆ ಇಟ್ಟಿತು. ಹಿಂದುಳಿದ ವರ್ಗಗಳ ಹೆಣ್ಣುಮಕ್ಕಳಿಗೆ ಒಳಪಾಲು ಇಡಲಿಲ್ಲ. ಜಾರಿಯನ್ನು ಜನಗಣತಿ, ಕ್ಷೇತ್ರ ಪುನರ್ವಿಂಗಡಣೆಗೆ ಕಟ್ಟಿಹಾಕಿತು. ಆದರೆ ಟಿಕೆಟ್‌ನಲ್ಲಿ ಪಾಲು ಕೊಡಲು ಯಾವ ಪಕ್ಷಕ್ಕೂ ಜನಗಣತಿ ಬೇಕಿಲ್ಲ.

1942ರಲ್ಲಿ ನಾಗಪುರದ ದಲಿತ ಮಹಿಳಾ ಸಮ್ಮೇಳನದಲ್ಲಿ ಅಂಬೇಡ್ಕರ್ ಸಮುದಾಯದ ಪ್ರಗತಿಯನ್ನು ಹೆಣ್ಣುಮಕ್ಕಳ ಪ್ರಗತಿಯಿಂದ ಅಳೆದರು. ಆ ಅಳತೆಗೋಲನ್ನು ಪಕ್ಷಗಳ ಮುಂದೆ ಹಿಡಿಯುವ ಮೊದಲು ನಮ್ಮ ಸಂಘಟನೆಗಳ ವೇದಿಕೆಗೂ ಒಮ್ಮೆ ಹಿಡಿಯೋಣ.